ಹೊಗಳಿಸಿಕೊಂಡವರಿಗೆ ದಾರಿಯಿಲ್ಲ

ನಮ್ಮೂರ ಬೆಟ್ಟ ಎಷ್ಟು ಎತ್ತರವೆಂದರೆ, ನನ್ನ ಮದುವೆಯ ವರ್ಷ ಅದರ ನೆತ್ತಿಯಿಂದ ಉರುಳಿದ ಕಲ್ಲೊಂದು ಇನ್ನೂ ಕೆಳಗೆ ಬಂದು ಮುಟ್ಟಿಲ್ಲ. ನಂಬದವರು ಮುಂಜಾನೆ ಬಂದು ಕಿವಿಗೊಟ್ಟು ಕೇಳಲಿ, ಗುಡುಗುಡು ಎಂದು ಉರುಳುವ ಸದ್ದು ಈಗಲೂ ಇದೆ. ಅದು ತನ್ನ ಹೋಟೆಲಿನಲ್ಲಿ ಇಡ್ಲಿಗೆ ರುಬ್ಬುವ ಸದ್ದು ಎಂದು ಪುಟ್ಮಾದು ವಾದಿಸುತ್ತಾನೆ. ಅವನ ಇಡ್ಲಿ ತಿಂದವರು ಮಾತ್ರ, ಅಲ್ಲ, ಕಲ್ಲೇ ಇರಬೇಕು ಎಂದು ನನ್ನ ಕಡೆ ಸೇರುತ್ತಾರೆ.

ಈ ಬೆಟ್ಟಕ್ಕೆ ಹೊಗಳಿಸಿಕೊಂಡವರನ್ನು ಕಂಡರೆ ಆಗದು. ಹತ್ತುವವರು ಮೊದಲು ಯಾರಿಂದಲಾದರೂ ಚೆನ್ನಾಗಿ ಗೇಲಿ ಮಾಡಿಸಿಕೊಂಡಿರಬೇಕು. ಹಾಗಲ್ಲದೆ ಕಾಲಿಟ್ಟರೆ, ಏರಿ ಏರಿ ಮೊಣಕಾಲು ಕಳಚಿದ ಮೇಲೆ ಎದುರಿಗೊಂದು ತಗಡಿನ ಬಾಗಿಲು ಸಿಗುತ್ತದೆ. ತಳ್ಳಿದರೆ ಅದು ಪುಟ್ಮಾದುವಿನ ಹೋಟೆಲಿನ ಹಿತ್ತಿಲ ಬಾಗಿಲು. ಒಳಗೆ ಅವನು ಲೋಟ ತೊಳೆಯುತ್ತಾ, "ಬನ್ನಿ ಸ್ವಾಮಿ, ಕಾಫೀನೋ, ಟೀನೋ?" ಎನ್ನುತ್ತಾನೆ. ಆ ಕಾಫಿಯನ್ನು ಬೇಕೆಂದು ಕುಡಿದವರು ಭೂಮಿಯ ಮೇಲೆ ಯಾರೂ ಇಲ್ಲ. ಬೆಟ್ಟ ವಾಪಸು ಕಳಿಸಿದವರಿಂದಲೇ ಅವನು ಎರಡಂತಸ್ತಿನ ಮನೆ ಎಬ್ಬಿಸಿದ್ದಾನೆ.

ಒಮ್ಮೆ ಮಂತ್ರಿಯೊಬ್ಬರು ಬೆಟ್ಟದ ಮೇಲಿನ ತಂಗುದಾಣ ಉದ್ಘಾಟಿಸಲು ಬಂದರು. ಅವರನ್ನು ಗೇಲಿ ಮಾಡಲು ಹಿಂಬಾಲಕರು ಬಿಡಲಿಲ್ಲ. ಹಾರ ಹಾಕಿಸಿಕೊಂಡು ಹೊರಟ ಸವಾರಿ ಮತ್ತೆ ಮತ್ತೆ ಪುಟ್ಮಾದುವಿನ ಹಿತ್ತಿಲಿಂದ ಹೊರಬಂತು. ಕೊನೆಗೆ ಸಾಹೇಬರು ಸುಸ್ತಾಗಿ, ಅವನ ಬಚ್ಚಲುಮನೆಯ ಬಾಗಿಲಿಗೇ ಟೇಪು ಕಟ್ಟಿಸಿ, ಕತ್ತರಿಸಿ, ಚಪ್ಪಾಳೆ ಹೊಡೆಸಿಕೊಂಡು ಹೋದರು. ಅವರ ಹೆಸರು ಕೆತ್ತಿದ ಕಲ್ಲು ಇಂದಿಗೂ ಆ ಬಚ್ಚಲ ಗೋಡೆಯಲ್ಲಿದೆ. ಪುಟ್ಮಾದು ಅದರ ಮೇಲೆ ಸೋಪು ಇಡುತ್ತಾನೆ.

ಊರವರಿಗೆ ಇದೆಲ್ಲ ಅಭ್ಯಾಸ. ಕುರಿಯವರು ಬೆಳಗ್ಗೆ ಎದುರಾದರೆ ನಮಸ್ಕಾರ ಹೇಳುವುದಿಲ್ಲ. "ಏನ್ಲಾ, ಇವತ್ತು ಕುರಿ ನಿನ್ನ ಮೇಯಿಸ್ತದೋ, ನೀನು ಕುರಿ ಮೇಯಿಸ್ತೀಯೋ?" ಎಂದು ಒಬ್ಬ ಅಂದರೆ, "ನಿನ್ನ ಮೀಸೆ ನೋಡಿ ಕುರಿ ಹುಲ್ಲು ಅಂದ್ಕಂಡಾತು, ಮುಚ್ಕಳ್ಳಲಾ" ಎಂದು ಇನ್ನೊಬ್ಬ. ಇಬ್ಬರೂ ಸಲೀಸಾಗಿ ಬೆಟ್ಟ ಹತ್ತುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ಮಾತ್ರ ಮೊದಮೊದಲು ಕಷ್ಟ. ಜೇನು ತರಲು ಹೊರಟ ಗಂಡನಿಗೆ ಮುದ್ದಿನ ಮಾತು ಹೇಳಿ ಕಳಿಸುತ್ತಾರೆ. ಗಂಡ ಮಧ್ಯಾಹ್ನದ ಹೊತ್ತಿಗೆ ಬರಿಗೈಲಿ ಪುಟ್ಮಾದುವಿನ ಬೆಂಚಿನ ಮೇಲೆ ಕೂತಿರುತ್ತಾನೆ. ಮಾರನೆಯ ದಿನದಿಂದ ಹುಡುಗಿಯೂ ಬಾಯಿ ಮಸೆಯುತ್ತಾಳೆ.

ಪರಸ್ಥಳದವರಿಗಾಗಿ ನಾನಿದ್ದೇನೆ, ಚಿಕ್ಕತಾಯಮ್ಮ. ಬೆಟ್ಟದ ಬುಡದ ಹುಣಸೆ ಮರದ ಕೆಳಗೆ ಒಂದು ಚಪ್ಪಟೆ ಕಲ್ಲಿದೆ. ನನಗಿಂತ ಮೊದಲು ಅದರ ಮೇಲೆ ನಮ್ಮತ್ತೆ ಕೂತಿದ್ದಳು. ಅವಳ ಬಾಯಿಗೆ ಸಿಕ್ಕಿದ್ದ ಹುಣಸೆ ಮರ ಇಂದಿಗೂ ಡೊಂಕಾಗಿಯೇ ಬೆಳೆಯುತ್ತಿದೆ. ಬಂದವರು ಎಲೆ ಅಡಿಕೆ ಇಟ್ಟು ನಿಲ್ಲಬೇಕು, ನಾನು ಅಡಿಯಿಂದ ಮುಡಿಯವರೆಗೆ ನೋಡಿ ಗೇಲಿ ಮಾಡಬೇಕು. ಬಾಯಿಗೆ ಬಂದದ್ದೆಲ್ಲ ಗೇಲಿಯಲ್ಲ. ಒಳಗೆ ಒಂದು ಕಾಳಿನಷ್ಟಾದರೂ ನಿಜವಿರಬೇಕು, ಅದು ಚುಚ್ಚಬೇಕು. ಕಾಳು ಸಿಕ್ಕಿದರೆ ಸಾಕು, ಅದರ ಸುತ್ತ ಗುಡ್ಡ ಕಟ್ಟುವುದು ನನಗೆ ಬಿಟ್ಟದ್ದು. ನಾನು ಶಾಲೆಗೆ ಹೋದದ್ದು ಒಂದೇ ದಿನ. ಅಂದು ಮೇಷ್ಟರನ್ನು ಗೇಲಿ ಮಾಡಿದೆ. ಅವರು ಅಲ್ಲಿಂದಲೇ ಬೆಟ್ಟ ಹತ್ತಿಹೋದವರು ಆಚೆ ಕಡೆ ಇಳಿದು ಬೇರೆ ಊರಿನಲ್ಲಿ ನೆಲೆಸಿದರು.

ಗೇಲಿಯ ಜೊತೆಗೆ ಬಂದವರಿಗೆ ನನ್ನ ಕಥೆಯನ್ನೂ ಹೇಳುತ್ತೇನೆ. ನೆತ್ತಿಯ ಮೇಲೆ ಬಂಡೆಯಲ್ಲಿ ಒಂದು ದೊಣೆಯಿದೆ, ಬೇಸಿಗೆಯಲ್ಲೂ ಬತ್ತದ ನೀರು. ನಮ್ಮ ಯಜಮಾನರು ಇದ್ದಾಗ ಹುಣ್ಣಿಮೆಗೊಮ್ಮೆ ಅಲ್ಲಿಗೆ ಹೋಗಿ ಸೋರೆಬುರುಡೆಯಲ್ಲಿ ನೀರು ತರುತ್ತಿದ್ದರು. ಅವರ ಜೊತೆ ಹೋಗಿ ನಾನು ಒನಕೆಯಲ್ಲಿ ಕರಡಿ ಹೊಡೆದದ್ದು, ದೊಣೆಯಲ್ಲಿ ನನ್ನ ಮುಖ ಕಂಡು ಚಂದ್ರ ನಾಚಿ ಮೋಡದೊಳಗೆ ಸೇರಿದ್ದು, ಇದನ್ನೆಲ್ಲ ಕೇಳದೆ ಯಾರೂ ಹುಣಸೆ ಮರ ದಾಟಿಲ್ಲ.

ಒಂದು ದಿನ ಬೆಳಗ್ಗೆ ಚಾರಣದವರ ತಂಡ ಬಂತು. ಬೆಟ್ಟದ ಮೇಲೆ ಟೆಂಟು ಹಾಕಿ ಮಲಗುವವರು. ಮನೆಯಲ್ಲಿ ಮಂಚ ಬಿಟ್ಟು, ಕಲ್ಲಿನ ಮೇಲೆ ಮಲಗಲು ದುಡ್ಡು ಕೊಟ್ಟು ಬರುವ ಜಾತಿ. ಮುಂದೆ ಒಬ್ಬ ಚಿರಂತನ್ ಎಂಬ ನಾಯಕ, ಕೊರಳಲ್ಲಿ ಪೀಪಿ. ಹಿಂದೆ ಹಿಂಡು, ಒಬ್ಬೊಬ್ಬರ ಬೆನ್ನ ಮೇಲೂ ಒಂದೊಂದು ಸಂಸಾರ.

"ಅಜ್ಜಿ, ನಮ್ಮ ತಂಡದಲ್ಲಿ ನೆಗೆಟಿವ್ ಮಾತಿಗೆ ಜಾಗ ಇಲ್ಲ. ಆದ್ರೂ ಇಲ್ಲಿನ ಸಂಪ್ರದಾಯ ಅಂತೆ, ಬೇಗ ಮುಗಿಸಿಬಿಡಿ" ಎಂದ ಚಿರಂತನ್.

"ಆಗಲಪ್ಪ. ಕುರೀಗೆ ಗಂಟೆ ಕಟ್ತಾರೆ, ಕಳೆದೋಗ್ಬಾರ್ದು ಅಂತ. ನಿಂಗೆ ಪೀಪಿ ಕಟ್ಟಿದ್ಯಾರು, ನಿಮ್ಮವ್ವನಾ?" ಎಂದೆ. ಹಿಂಡು ನಕ್ಕಿತು, ಅವನು ನಗಲಿಲ್ಲ. ಸರಿಯಾಗಿ ನೆಟ್ಟಿತು ಎಂದುಕೊಂಡೆ.

ಕೊನೆಯಲ್ಲಿ ಒಬ್ಬ ತೆಳ್ಳನೆ ಹುಡುಗಿ ನಿಂತಿದ್ದಳು, ಮೇದಿನಿ ಅಂತೆ. ಕೆಂಪು ಜಾಕೀಟು, ಎರಡು ಕೈಗೆ ಎರಡು ಊರುಗೋಲು, ಬ್ಯಾಗಿನ ಮೇಲೆ ಗಾಳಿ ಊದುವ ದಿಂಬು, ಅದರ ಪಟ್ಟಿಗೆ ಇವಳದೂ ಒಂದು ಸಣ್ಣ ಪೀಪಿ.

"ಏನವ್ವಾ, ಎರಡು ಕಾಲು ಸಾಲ್ದು ಅಂತ ಇನ್ನೆರಡು ತಂದಿದ್ದೀಯ. ಹಸ ಆಗಾಕೆ ಹೊರಟಿದ್ಯಾ? ಹಾಲು ಎಷ್ಟು ಕೊಡ್ತೀಯೆ?"

ಉಳಿದವರೆಲ್ಲ ಇಂಥದ್ದಕ್ಕೆ ಮುಖ ಕೆಂಪಗೆ ಮಾಡಿಕೊಂಡು ಹೋಗುತ್ತಾರೆ. ಇವಳು ಸೊಂಟದ ಮೇಲೆ ಕೈಯಿಟ್ಟು, "ಹಾಲು ಕೊಡ್ತೀನಿ ಅಜ್ಜಿ, ಆದ್ರೆ ಆ ಹೋಟೆಲಿನ ಕಾಫಿ ವಾಸನೆ ಇಲ್ಲಿಗೇ ಬರ್ತಿದೆ, ಅವರು ಇದನ್ನೂ ಹಾಳು ಮಾಡ್ತಾರಲ್ಲ" ಎಂದಳು. ನನಗೆ ಎದೆಯೊಳಗೆ ಏನೋ ಕುಣಿಯಿತು. ಎಷ್ಟೋ ವರ್ಷದಿಂದ ಈ ಕಲ್ಲಿನ ಮುಂದೆ ನಿಂತು ಎದುರುತ್ತರ ಕೊಟ್ಟವಳು ಇವಳೊಬ್ಬಳೇ. ಹೊಗಳಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು, "ನಡಿ ನಡಿ, ಬಾಲ ಎತ್ಕಂಡು ಓಡು" ಎಂದು ಅಟ್ಟಿದೆ.

ಮಧ್ಯಾಹ್ನ ನಾನು ಪುಟ್ಮಾದುವಿನ ಹೋಟೆಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಹಿತ್ತಿಲ ಬಾಗಿಲು ಧಡ್ ಎಂದಿತು. ಚಿರಂತನ್ ಒಳಗೆ ಬಂದ. ಅವನ ಹಿಂದೆ ಇಡೀ ಹಿಂಡು, ನಾಲಿಗೆ ಹೊರಹಾಕಿಕೊಂಡು.

"ಬನ್ನಿ ಸ್ವಾಮಿ, ಕಾಫೀನೋ, ಟೀನೋ?" ಎಂದ ಪುಟ್ಮಾದು.

"ಹೊಗಳಿದ್ಯಾರು?" ಎಂದೆ ನಾನು.

ಒಬ್ಬ ಹುಡುಗ ಚಿರಂತನ್ ಕಡೆ ಬೆರಳು ಮಾಡಿದ. ಮೊದಲ ಏರು ಮುಗಿದ ಕೂಡಲೇ ನಾಯಕರು ಎಲ್ಲರನ್ನೂ ಸುತ್ತ ನಿಲ್ಲಿಸಿ, ಅಜ್ಜಿಯ ಮಾತಿನಿಂದ ಮನಸ್ಸು ಕುಗ್ಗಿರುತ್ತದೆ, ಈಗ ಒಬ್ಬರನ್ನೊಬ್ಬರು ಹೊಗಳಿ ಚಪ್ಪಾಳೆ ಹೊಡೆಯಿರಿ ಎಂದರಂತೆ. ಇವನು ಹುಲಿ, ಅವಳು ಸಿಂಹಿಣಿ, ಮೇದಿನಿಯಂತೂ ಹುಟ್ಟು ಪರ್ವತಾರೋಹಿ. ಒಂದು ಗಳಿಗೆಯಲ್ಲಿ ದಾರಿ ಕಣ್ಣೆದುರಿಗೇ ಅಳಿಸಿಹೋಯಿತಂತೆ.

"ಆ ಎರಡು ಕೋಲಿನ ಹುಡುಗಿ ಎಲ್ಲಿ?" ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಿದ್ದರು. ಹೊಗಳಿಸಿಕೊಂಡವಳು ನಡೆದರೆ ಈ ಬಾಗಿಲಿಗೇ ಬರಬೇಕು, ಬೇರೆ ದಾರಿಯಿಲ್ಲ. ಬರಲಿಲ್ಲವೆಂದರೆ ನಡೆಯಲಾರಳು ಎಂದರ್ಥ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಸಣ್ಣಗೆ ಪೀಪಿ ಕೇಳಿಸಿತು. ಬಿಟ್ಟು ಬಿಟ್ಟು ಊದುತ್ತಿದ್ದಳು.

ಕಾಡು ಕಾಯುವ ರಾಚಪ್ಪ ತಕ್ಷಣ ಎದ್ದ. "ನನಗೊಂದು ಅನ್ನಿ ಅಜ್ಜಿ" ಎಂದ. "ನಿನ್ನ ಹೊಟ್ಟೆ ಹೋಗಿ ಮುಟ್ಟಿ ಬಾಳ ಹೊತ್ತಾದ ಮ್ಯಾಲೆ ನೀನು ಹೋಗ್ತೀಯ ಕಣ್ಲಾ" ಎಂದೆ. ಓಡಿದ. ಬೆಟ್ಟದ ನೆರಳು ಹುಣಸೆ ಮರದವರೆಗೆ ಉದ್ದವಾಗುವ ಹೊತ್ತಿಗೆ ಬೆವರು ಸುರಿಸುತ್ತಾ ಒಬ್ಬನೇ ಹಿಂದಿರುಗಿದ.

"ಕಾಣ್ತಾಳೆ ಕಣಜ್ಜಿ, ಕೈಗೆ ಸಿಗಕಿಲ್ಲ. ಕಾಲು ಉಳುಕಿಸ್ಕಂಡು ಬಂಡೆ ಬುಡದಾಗೆ ಕೂತವ್ಳೆ. ಹತ್ರಕ್ಕೆ ಹೋದಂಗೆಲ್ಲ ದಾರಿ ಪಕ್ಕಕ್ಕೆ ಹೊರಳ್ಕತದೆ. ನಾನೂ ದೂರದಿಂದ್ಲೇ ಗೇಲಿ ಮಾಡಿ ನೋಡ್ದೆ."

"ಏನಂದೆ?"

"ಡುಮ್ಮಿ ಅಂದೆ."

"ಅಯ್ಯೋ ಮಂಕೆ! ಆ ಹುಡುಗಿ ಅಡ್ಡ ನಿಂತ್ರೆ ನೆರಳೂ ಬೀಳಲ್ಲ. ನಿಜ ಇಲ್ಲದ ಗೇಲಿ ಹತ್ತದಾ?"

"ನಂಗೆಲ್ಲಿ ಬತ್ತದೆ ಅಜ್ಜಿ ನಿಮ್ಮಂಗೆ? ಮೋಡ ಬೇರೆ ಇಳೀತಾ ಅದೆ. ಟೆಂಟು ಬಿಚ್ಚಾಕೂ ಆಗ್ದೆ ಗಡಗಡ ನಡುಗ್ತಾವ್ಳೆ. ಕತ್ಲಾದ್ರೆ ಆ ಬಂಡೆ ಕರಡಿ ಓಡಾಡೋ ಜಾಗ. ನೀವೇ ಬರಬೇಕು. ಅವಳನ್ನ ನೋಡಿ ಅಂದಿರೋರು ನೀವು."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಸರಿ, ಬರುತ್ತೇನೆ ಎಂದೆ. ಆಮೇಲೆ ಹೋಟೆಲಿನಲ್ಲಿದ್ದವರೆಲ್ಲ ನೆಲ ನೋಡತೊಡಗಿದರು. ನಾನು ಹತ್ತಬೇಕಾದರೆ ನನ್ನನ್ನು ಯಾರಾದರೂ ಗೇಲಿ ಮಾಡಬೇಕಲ್ಲ.

"ಅನ್ನಿ ಮತ್ತೆ. ಯಾಕೆ, ಎಲ್ಲರ ನಾಲಿಗೆ ನಾಯಿ ಎತ್ಕಂಡು ಹೋಯ್ತಾ?" ಎಂದೆ.

ಪುಟ್ಮಾದು ಲೋಟ ಒರೆಸುತ್ತಾ, "ನೀವು... ನೀವು ವಸಿ ಮಾತು ಜಾಸ್ತಿ ಆಡ್ತೀರಿ, ಚಿಕ್ತಾಯಜ್ಜಿ" ಎಂದ. ಹೊರಟೆ. ಹುಣಸೆ ಮರ ದಾಟಿ ಹತ್ತು ಹೆಜ್ಜೆ ಏರಿದೆನೋ ಇಲ್ಲವೋ, ಕೈಗೆ ತಗಡಿನ ಬಾಗಿಲು ತಗುಲಿತು. ಒಳಗೆ ಪುಟ್ಮಾದು ಅದೇ ಲೋಟ ಒರೆಸುತ್ತಿದ್ದ. ಅಭ್ಯಾಸಬಲದಿಂದ, "ಬನ್ನಿ, ಕಾಫೀನೋ..." ಎಂದವನು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಮಾತು ಜಾಸ್ತಿ ಎನ್ನುವುದು ನನಗೆ ಬಿರುದು. ಅದರಿಂದ ಬೆಟ್ಟ ಹತ್ತಲಾದೀತೇ?

ರಾಚಪ್ಪ ನನ್ನ ಹಲ್ಲಿನ ಬಗ್ಗೆ ಏನೋ ಅಂದ. ಬಾಗಿಲು. ಚಿರಂತನ್ ಮುಂದೆ ಬಂದು, "ಅಜ್ಜಿ, ನಿಮಗೆ ಸ್ವಲ್ಪ ವಯಸ್ಸಾಗಿದೆ, ಆದ್ರೆ ವಯಸ್ಸು ಬರೀ ಒಂದು ಸಂಖ್ಯೆ" ಎಂದ. ಅದು ಗೇಲಿಯೂ ಅಲ್ಲ, ಹೊಗಳಿಕೆಯೂ ಅಲ್ಲ, ಪುಟ್ಮಾದುವಿನ ಕಾಫಿಯಂತೆ ಆರಿಹೋದ ಮಾತು. ಆದರೂ ಹೋಗಿ ನೋಡಿದೆ. ಬಾಗಿಲು. ಊರು ಸೇರಿತು. ನಾನು ಗೇಲಿ ಮಾಡದ ಮನುಷ್ಯ ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ, ನನ್ನನ್ನು ಗೇಲಿ ಮಾಡುವ ಗಂಡೆದೆಯೂ ಒಂದಿರಲಿಲ್ಲ. ನಾಳೆ ಇವಳ ಬಾಯಿಗೆ ಸಿಕ್ಕಿದರೆ ತಮ್ಮ ಗತಿಯೇನು ಎಂದು ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು. ಮೇಲೆ ಪೀಪಿ ಊದುವುದು ನಿಧಾನವಾಗುತ್ತಿತ್ತು.

ಆಗ ನನ್ನ ಸೊಸೆ ಶಿವಮಲ್ಲಿ ಬಂದಳು, ಚಳಿಗೆ ಹೊದೆಯಲಿ ಎಂದು ನನ್ನ ಕಂಬಳಿ ಹಿಡಿದುಕೊಂಡು. ಶಿವಮಲ್ಲಿ ಎಂದರೆ ನಮ್ಮ ಮನೆಯ ಗೋಡೆಗಿಂತ ಕಡಿಮೆ ಮಾತಿನವಳು. ಗೋಡೆಯಲ್ಲಾದರೂ ಹಲ್ಲಿ ಲೊಚಗುಟ್ಟುತ್ತದೆ. ನನ್ನ ಮಗ ಬಸ್ಸಿನ ಡ್ರೈವರು. ವಾರಕ್ಕೊಮ್ಮೆ ಮನೆಗೆ ಬಂದಾಗಲೂ ನಮ್ಮಿಬ್ಬರ ನಡುವೆ ಬ್ರೇಕು ತುಳಿದುಕೊಂಡೇ ಕೂರುತ್ತಾನೆ. ಅವಳು ಗುಂಪನ್ನು ನೋಡಿದಳು, ಬೆಟ್ಟ ನೋಡಿದಳು, ಕಂಬಳಿಯನ್ನು ಬೆಂಚಿನ ಮೇಲಿಟ್ಟಳು.

"ಅತ್ತೆಮ್ಮ, ನಾನಂತೀನಿ" ಎಂದಳು.

"ನೀನಾ? ಅನ್ನು, ಅನ್ನು. ಊರೆಲ್ಲ ಕೇಳಲಿ" ಎಂದು ನಕ್ಕೆ.

"ಕರಡಿ ಹೊಡೆದೆ ಅಂತೀರಲ್ಲ, ಹಿತ್ತಿಲಿಗೆ ಹೆಗ್ಗಣ ಬಂದ್ರೆ ಮಂಚ ಹತ್ಕಂಡು ನನ್ನ ಕೂಗ್ತೀರಿ. ದೊಣೇಲಿ ಮೊಕ ನೋಡ್ಕಂಡೆ ಅಂತೀರಲ್ಲ, ಆ ದೊಣೆ ಉದ್ದಕದೋ, ದುಂಡಗದೋ? ಹೇಳಿ ನೋಡಾನ."

ನಾನು ಬೆರಳಿನಿಂದ ಗಾಳಿಯಲ್ಲಿ ಉದ್ದಕ್ಕೊಂದು ಗೆರೆ ಎಳೆದೆ, ಅದನ್ನೇ ದುಂಡಗೆ ತಿರುಗಿಸಿದೆ.

"ಗೊತ್ತಿಲ್ಲ. ಯಾಕಂದ್ರೆ ನೀವು ಈ ಬೆಟ್ಟನೇ ಹತ್ತಿಲ್ಲ. ಊರಿಗೆಲ್ಲ ಏಣಿ ಹಾಕಿದ್ರಿ, ನಿಮ್ಮ ಕಾಲು ಮಾತ್ರ ಈ ಕಲ್ಲು ಬುಟ್ಟು ಏಳಲಿಲ್ಲ. ಮಾವ ಯಾವಾಗ್ಲೋ ಒಂದ್ಸಲ ಸಾರು ಸಪ್ಪೆ ಅಂದಿದ್ಕೆ ಗೋಡೆ ಕಡೀಕೆ ಮೊಕ ಮಾಡ್ಕಂಡು ಅನ್ನ ನೀರು ಬುಟ್ರಂತೆ. ಪಾಪ, ಹೆದರ್ಕಂಡು ಸಾಯಾಗಂಟ ಬಂಗಾರ, ಬಂಗಾರ ಅಂದ್ಕಂಡೇ ಇದ್ರು. ನಿಮ್ಮನ್ನ ಕರ್ಕಂಡು ಹೋಗಬೇಕು ಅಂತ ಅವ್ರಿಗೆ ಎಷ್ಟು ಆಸೆ ಇತ್ತು ಗೊತ್ತಾ? ನನ್ನ ತಾವ ಹೇಳವ್ರೆ. 'ಒಂದೇ ಒಂದು ಗೇಲಿ ತಡ್ಕಂಡಿದ್ರೆ ಅವಳಿಗೆ ದೊಣೆ ತೋರುಸ್ತಿದ್ದೆ ಕಣವ್ವ' ಅಂತ. ಕೊಡಾಕೆ ಹತ್ತು ಬಾಯಿ, ತಗಳಾಕೆ ಅರ್ಧ ಕಿವೀನೂ ಇಲ್ಲ ನಿಮಗೆ. ಒಂದು ಕೂಸು ಅಲ್ಲಿ ಚಳೀಲಿ ಕೂತದೆ, ನೀವಿಲ್ಲಿ ಸತ್ತ ಗಂಡ ಹೊದಿಸಿದ ಹೊಗಳಿಕೇನೇ ಹೊದ್ಕಂಡು ಬೆಚ್ಚಗಿದ್ದೀರಿ."

ಒಲೆಯ ಮೇಲೆ ಪುಟ್ಮಾದುವಿನ ಹಾಲು ಉಕ್ಕಿ ಸುರಿಯಿತು, ಯಾರೂ ಇಳಿಸಲಿಲ್ಲ. ನನಗೆ ಹತ್ತಿದ ಉರಿಯಲ್ಲಿ ಇಡೀ ಊರು ಮುದ್ದೆ ಬೇಯಿಸಿಕೊಳ್ಳಬಹುದಿತ್ತು. ಎದುರುತ್ತರಕ್ಕೆ ಬಾಯಿಯ ಮೂಲೆಮೂಲೆಯೆಲ್ಲ ಹುಡುಕಿದೆ. ಅಲ್ಲಿ ಎಲೆ ಅಡಿಕೆ ಬಿಟ್ಟು ಏನೂ ಇರಲಿಲ್ಲ. ಉಗಿದು, ಕಂಬಳಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟೆ. ಹುಣಸೆ ಮರದಾಚೆ ಸೊಂಟದೆತ್ತರದ ಹುಲ್ಲು ಬೈತಲೆ ತೆಗೆದಂತೆ ಎರಡು ಭಾಗವಾಗಿ, ನಡುವೆ ಕೆಂಪು ಮಣ್ಣಿನ ದಾರಿ ಬಿದ್ದಿತ್ತು. ಕೈ ಚಾಚಿ ನೋಡಿದೆ, ತಗಡಿನ ಬಾಗಿಲಿಲ್ಲ.

ಹತ್ತಿದ್ದನ್ನು ಹೇಳಬೇಕಾದರೆ, ಬೇರೆ ದಿನವಾಗಿದ್ದರೆ ಹದ್ದುಗಳು ನನ್ನನ್ನು ನೋಡಿ ದಾರಿ ಬಿಟ್ಟವು ಎನ್ನುತ್ತಿದ್ದೆ. ಹದ್ದೂ ಇರಲಿಲ್ಲ, ಗಿದ್ದೂ ಇರಲಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತೆ, ಒಂದೆರಡು ಕಡೆ ಕೈಕಾಲೂರಿ ಮಗುವಿನ ಹಾಗೆ ತೆವಳಿದೆ. ಹಿಂದೆಯೇ ರಾಚಪ್ಪ ಬಂದ. ಶಿವಮಲ್ಲಿಯ ಮಾತು ಬೆನ್ನಿಗೆ ಚುಚ್ಚುತ್ತಿತ್ತು, ಚುಚ್ಚಿದಾಗಲೆಲ್ಲ ಕಾಲು ತಾನಾಗಿ ಮುಂದಕ್ಕೆ ಹೋಗುತ್ತಿತ್ತು.

ಬಂಡೆಯ ಬುಡದಲ್ಲಿ ಕೆಂಪು ಜಾಕೀಟು ಕಂಡಿತು. ಕೂಗಿದರೆ ಕೇಳುವಷ್ಟೇ ದೂರ. ಅಲ್ಲಿಂದಾಚೆಗೆ ದಾರಿ ಬಲಕ್ಕೆ ಹೊರಳಿಬಿಟ್ಟಿತ್ತು. ಹುಡುಗಿ ನನ್ನನ್ನು ನೋಡಿ ಅಳತೊಡಗಿದಳು.

"ಅಜ್ಜೀ, ನನ್ನನ್ನ ಬಿಟ್ಟು ಹೋಗ್ಬೇಡಿ. ಕಾಲು ಊರೋಕೇ ಆಗ್ತಿಲ್ಲ."

ನನ್ನ ಗಂಟಲಿಗೆ ಬಂದ ಮಾತುಗಳೆಲ್ಲ ಬೆಲ್ಲದವು. ನನ್ನ ಕಂದ, ನನ್ನ ಜಾಣೆ, ಇಷ್ಟು ಹೊತ್ತು ಧೈರ್ಯವಾಗಿದ್ದೆಯಲ್ಲ. ಒಂದು ಹೊರಬಿದ್ದಿದ್ದರೂ ಅವಳು ಆ ರಾತ್ರಿ ಅಲ್ಲೇ. ಯಜಮಾನರು ಬಂಗಾರ ಬಂಗಾರ ಎಂದಾಗ ಅವರ ಗಂಟಲಲ್ಲಿ ಯಾವ ಮಾತು ಸಿಕ್ಕಿಕೊಂಡಿತ್ತೋ ಎನಿಸಿತು. ಬೆಲ್ಲವನ್ನೆಲ್ಲ ನುಂಗಿ ಸೊಂಟದ ಮೇಲೆ ಕೈಯಿಟ್ಟೆ.

"ಏನವ್ವಾ, ಟೆಂಟು, ಒಲೆ, ದಿಂಬು ಎಲ್ಲ ಹೊತ್ಕಂಡು ಬಂದೆ, ಕಾಲೊಂದು ಮರೆತು ಬಂದ್ಯಾ? ಹುಟ್ಟು ಪರ್ವತಾರೋಹಿ ಅಂದ್ರಂತೆ. ಹುಟ್ಟಿ ಎಷ್ಟು ದಿನ ಆಯ್ತು, ಇನ್ನೂ ತೆವಳ್ತಾ ಇದ್ದೀಯ?"

ಅಳು ನಿಂತಿತು. ದಾರಿ ಸ್ವಲ್ಪ ಅಲುಗಾಡಿತು, ನೇರವಾಗಲಿಲ್ಲ. ಕಾಳು ಸಾಲದು. ಅವಳು ಕೂತ ಬಂಡೆಯನ್ನು ನೋಡಿದೆ. ನೆತ್ತಿ ಚಪ್ಪಟೆ, ಆಳೆತ್ತರ, ಮುಂದೆ ಹಿಂಡು ಸುತ್ತ ನಿಂತು ತುಳಿದ ಹುಲ್ಲು.

"ಚಪ್ಪಾಳೆ ಬಿತ್ತು ಅಂತ ಈ ಬಂಡೆ ಮ್ಯಾಲಿಂದ ಹಾರಿ ತೋರಿಸ್ದೆ, ಅಲ್ವೇನೇ? ಯಾರಾದ್ರೂ ನೋಡ್ತಿದ್ರಾ?"

ಅವಳ ಮುಖ ಜಾಕೀಟಿನ ಬಣ್ಣಕ್ಕೆ ತಿರುಗಿತು. "ಹ್ಞೂಂ, ಹಾರಿದೆ. ಆದ್ರೆ ಅಷ್ಟೊತ್ತಿಗೆ ಎಲ್ಲರೂ ಹೊರಟುಬಿಟ್ಟಿದ್ರು. ಒಬ್ಬರೂ ನೋಡ್ಲಿಲ್ಲ" ಎಂದಳು.

"ಕಾಲು ಮುರಿಯೋದಾದ್ರೆ ನಾಲ್ಕು ಜನದ ಮುಂದೆ ಮುರ್ಕಬೇಕು ಕಣೆ, ಖರ್ಚಾದ್ರೂ ಗಿಟ್ತದೆ!"

ಅಳುವಿನ ನಡುವೆಯೇ ಅವಳಿಗೆ ನಗು ಒಡೆಯಿತು. ದಾರಿ ಹಗ್ಗ ಎಳೆದಂತೆ ನೇರವಾಗಿ ಅವಳ ಪಾದಕ್ಕೆ ಹೋಗಿ ನಿಂತಿತು. ಹೋಗಿ ಕಂಬಳಿ ಹೊದಿಸಿದೆ. ಬೆನ್ನು ಸವರಿದೆ. ಬೆಟ್ಟಕ್ಕೆ ಕಿವಿಯಿದೆ, ಕಣ್ಣಿಲ್ಲ.

ರಾಚಪ್ಪ ಅವಳನ್ನು ಬೆನ್ನ ಮೇಲೆ ಹೊತ್ತ. ನಾನು ಅವಳ ಎರಡು ಕೋಲು ಹಿಡಿದು ಹಸುವಿನ ಹಾಗೆ ನಾಲ್ಕು ಕಾಲಲ್ಲಿ ನಿಂತೆ. ಇಳಿಯುವ ಮೊದಲು ತಲೆಯೆತ್ತಿದಾಗ ಮೇಲೆ, ಮೋಡದ ಕೆಳಗೆ, ಏನೋ ಕೈಗನ್ನಡಿಯಂತೆ ಮಿಂಚಿತು.

"ದೊಣೆ, ಅಜ್ಜಿ. ಇನ್ನೊಂದು ಏರು ಅಷ್ಟೇಯ" ಎಂದ ರಾಚಪ್ಪ.

ಇಷ್ಟು ದೂರದಿಂದ ಅದು ಉದ್ದವೋ ದುಂಡೋ ತಿಳಿಯಲಿಲ್ಲ. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು. "ನಡಿ ಕೆಳಕ್ಕೆ" ಎಂದೆ.

"ಅಜ್ಜೀ, ಕರಡಿ ಹೊಡೆದ ಒನಕೆ ತರ್ಲಿಲ್ವಾ?" ಎಂದು ಬೆನ್ನ ಮೇಲಿಂದ ಕೇಳಿದಳು ಮೇದಿನಿ. ಬಡ್ಡೀಮಗಳು. ಆ ಒಂದು ಮಾತಿನ ಚುಚ್ಚು ನನ್ನನ್ನು ಬೆಟ್ಟದ ಬುಡದವರೆಗೂ ಇಳಿಸಿತು.

ಹುಣಸೆ ಮರದ ಬಳಿ ಕಂದೀಲು ಹಿಡಿದು ಊರು ಕಾದಿತ್ತು. ಚಿರಂತನ್ ಕೈಯೆತ್ತಿಕೊಂಡು ಓಡಿಬಂದ. "ಅಜ್ಜಿ, ನೀವು ನಿಜವಾಗ್ಲೂ ಗ್ರೇಟ್! ನಿಮ್ಮಂಥೋರು..." ಎನ್ನುವಷ್ಟರಲ್ಲಿ, "ಪುಟ್ಮಾದೂ, ಇವನ ಬಾಯಿಗೊಂದು ಇಡ್ಲಿ ತುರುಕ್ಲಾ!" ಎಂದು ಕೂಗಿದೆ. ತುರುಕಿದ. ಆ ಇಡ್ಲಿ ಹುಟ್ಟಿದಂದಿನಿಂದ ಒಂದು ಒಳ್ಳೆಯ ಕೆಲಸಕ್ಕೆ ಬಂದದ್ದು ಅಂದೇ.

ಮನೆಯಲ್ಲಿ ಶಿವಮಲ್ಲಿ ಬಿಸಿನೀರು ಕಾಯಿಸಿಟ್ಟಿದ್ದಳು. ಕಾಲು ತೊಳೆದೆ, ತಟ್ಟೆಯ ಮುಂದೆ ಕೂತೆ. ಮುದ್ದೆ ಇಟ್ಟಳು, ಸಾರು ಬಿಟ್ಟಳು, ಗೋಡೆಗೆ ಒರಗಿ ನಿಂತಳು. ಸೌಟು ಕೈಯಲ್ಲೇ ಇತ್ತು. ಇನ್ನು ನಾನು ಅನ್ನುವ ಮಾತಿನ ಮೇಲೆ ಈ ಮನೆಯಲ್ಲಿ ಅವಳ ಮುಂದಿನ ದಿನಗಳು ನಿಂತಿದ್ದವು, ಅದು ಅವಳಿಗೂ ಗೊತ್ತಿತ್ತು. ನಾನು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ ಎಂದುಕೊಂಡಿರಬೇಕು.

ಒಂದು ತುತ್ತು ಸಾರಿನಲ್ಲಿ ಹೊರಳಿಸಿ ನುಂಗಿದೆ. ಅಂಥ ಸಾರು ದೇವಲೋಕದಲ್ಲೂ ಸಿಗುವುದಿಲ್ಲ. ಅದನ್ನು ಹೇಳಲು ಬಾಯಿ ತವಕಿಸಿತು. ನಾಲಿಗೆ ಕಚ್ಚಿಕೊಂಡೆ.

"ಏನೇ ಶಿವಮಲ್ಲಿ, ಸಾರಿಗೆ ಉಪ್ಪು ಹಾಕಿದ್ಯೋ, ಉಪ್ಪಿಗೆ ಸಾರು ಹಾಕಿದ್ಯೋ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೌಟು ಕೆಳಗಿಟ್ಟು, "ನಿಮ್ಮ ನಾಲಿಗೆಗಿಂತ ಕಮ್ಮೀನೇ ಬುಡಿ, ಅತ್ತೆಮ್ಮ" ಎಂದಳು.

ನಾನು ತಟ್ಟೆ ಚಾಚಿ ಇನ್ನಷ್ಟು ಸಾರು ಬಿಡಿಸಿಕೊಂಡೆ. ಅವಳು ಒಳಗೆ ಹೋಗಿ, ಗೂಟದಲ್ಲಿ ನೇತಾಡುತ್ತಿದ್ದ ಯಜಮಾನರ ಸೋರೆಬುರುಡೆ ಇಳಿಸಿಕೊಂಡು ಬಂದು, ಸೆರಗಿನಿಂದ ಅದರ ಧೂಳು ಒರೆಸುತ್ತಾ ಕೇಳಿದಳು:

"ನಾಳೆ ಎಷ್ಟೊತ್ಗೆ ಹೊರಡಾನ?"